ಐರಣಿಯ ಹೊಲದ ಆರು ದಿನಗಳು

ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಹೊಸ ಆ್ಯಪಿನ ನೀಲಿ ಗುಂಡಿ ಬಂದು ಕೂತಿತು. ಅದರ ಮೇಲೆ ‘ಅನುಮತಿಸಿ’ ಎಂದು ಬರೆದಿತ್ತು. ಗುಂಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ. ಅದನ್ನು ನಾನು ಓದಿದೆ. ಓದುವುದು ನನ್ನ ಕೆಟ್ಟ ಚಟ. ಬಸ್ಸಿನ ಟಿಕೆಟ್ಟಿನ ಹಿಂಭಾಗವನ್ನೂ ಬಿಡುವವಳಲ್ಲ.

ನಿಮ್ಮ ಖಾತೆಯ ಎಲ್ಲ ಕಡತಗಳನ್ನು ನೋಡುವುದು, ತಿದ್ದುವುದು, ಶಾಶ್ವತವಾಗಿ ಅಳಿಸುವುದು. ನಿಮ್ಮ ಎಲ್ಲ ಇಮೇಲ್ ಓದುವುದು, ನಿಮ್ಮ ಹೆಸರಿನಲ್ಲಿ ಕಳಿಸುವುದು, ಶಾಶ್ವತವಾಗಿ ಅಳಿಸುವುದು. ನಿಮ್ಮ ಪರಿಚಿತರ ಫೋನ್ ನಂಬರುಗಳನ್ನು ನೋಡುವುದು. ಆ ಆ್ಯಪಿಗೆ ಬೇಕಾಗಿದ್ದದ್ದು ಹೊಲದ ಫೋಟೋ. ಕೇಳಿದ್ದು ಮಾತ್ರ ಇಡೀ ಮನೆಯ ಬೀಗದ ಕೈ ಗೊಂಚಲು.

ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ಹೊಲದ ದಾಖಲೆ ಇಡುವುದು ನನ್ನ ಕೆಲಸ. ಊರ ತುಂಬ ದೊಡ್ಡ ದೊಡ್ಡ ಬೀಜದ ಕಂಪನಿಗಳಿವೆ. ನಮ್ಮದು ಅವುಗಳ ಸಂದಿಯಲ್ಲಿ ಎರಡು ಕೋಣೆ, ಒಂದು ಗೋದಾಮು. ರೈತರ ಹೊಲದಲ್ಲಿ ಹೈಬ್ರಿಡ್ ಮೆಣಸಿನಕಾಯಿಯ ಬೀಜ ಬೆಳೆಸಿ ಹೊರಗಿನ ಒಂದು ಕಂಪನಿಗೆ ಕೊಡುತ್ತೇವೆ. ಇದು ಪೂರ್ತಿ ಕೈಯ ಕೆಲಸ. ಇಳಿಹೊತ್ತಿನಲ್ಲಿ ಹೆಣ್ಣು ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಪರಾಗದ ಚೀಲಗಳನ್ನು ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗ ತಂದು ಮುಟ್ಟಿಸಿ, ಮುಟ್ಟಿಸಿದ ಹೂವಿಗೆ ಗುರುತಿಗೆಂದು ನೂಲು ಕಟ್ಟಬೇಕು. ನಮ್ಮ ಕಡೆ ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಆರು ದಿನಕ್ಕೊಮ್ಮೆ ನೂಲಿನ ಬಣ್ಣ ಬದಲಿಸುತ್ತೇವೆ, ಯಾವ ಕಾಯಿ ಯಾವಾಗಿನದು ಎಂದು ಕೊಯ್ಲಿನ ಹೊತ್ತಿಗೆ ತಿಳಿಯಲಿ ಎಂದು. ನಲವತ್ತೆರಡು ದಿನದ ಕ್ರಾಸಿಂಗಿಗೆ ಏಳು ಬಣ್ಣ.

ಕೆಲಸ ದಿನಾ ನಡೆದಿದೆ ಎಂಬುದಕ್ಕೆ ದಿನಕ್ಕೊಂದು ಫೋಟೋ ಬೇಕು. ಮೇಲ್ವಿಚಾರಕರು ತಮ್ಮ ಫೋನಿನಲ್ಲಿ ತೆಗೆಯುತ್ತಾರೆ. ಅದು ತಾನಾಗಿ ಕಂಪನಿಯ ಖಾತೆಗೆ ಬಂದು ಬೀಳುತ್ತದೆ, ಫೋನಿನಲ್ಲಿ ಪ್ರತಿ ಉಳಿಯುವುದಿಲ್ಲ. ಹೊಲಕ್ಕೊಂದು ಫೋಲ್ಡರು, ಅದರೊಳಗೆ ನೂಲಿನ ಬಣ್ಣದ ಹೆಸರಿನ ಏಳು ಒಳಫೋಲ್ಡರು ಮಾಡಿ ನಾನು ಜೋಡಿಸಿಡುತ್ತೇನೆ. ಅದೇ ಖಾತೆಯಲ್ಲಿ ರೈತರ ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳೂ ಇದ್ದವು. ಎಲ್ಲಾ ಒಂದೇ ಬುಟ್ಟಿಯಲ್ಲಿ.

ಆ ಸಲ ಫೋಟೋಗಳು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಐರಣಿಯ ಚಾಚಿಗೆ, ನಾವೆಲ್ಲ ಹಾಗೆ ಕರೆಯುವ ಹಿರಿಯ ಹೆಂಗಸಿಗೆ. ಹೊಳೆಯ ಕಡೆ ಅವರದು ಅರ್ಧ ಎಕರೆ. ಬೀಜದ ಕೆಲಸ ಅವರಿಗೆ ಅದೇ ಮೊದಲು, ಮತ್ತು ‘ಬರ್ರಿ ಚಾಚಿ, ನಾ ಅದೇನಿ’ ಎಂದು ಅವರ ಬಾಗಿಲಿಗೆ ಹೋಗಿ ಒಪ್ಪಿಸಿದವಳು ನಾನು. ಚಾಚಿ, ಅವರ ಸೊಸೆ, ಅವರ ತಂಗಿ ಮೂವರೇ ನಲವತ್ತೆರಡು ದಿನವೂ ಒಂದು ದಿನ ತಪ್ಪದೆ ಕ್ರಾಸಿಂಗ್ ಮಾಡಿದ್ದರು. ಹೊಸ ಬೆಳೆಗಾರರ ಹೊಲಕ್ಕೆ ಪ್ರತಿ ದಿನದ ಫೋಟೋ ಇಲ್ಲದಿದ್ದರೆ ಬೀಜ ತೆಗೆದುಕೊಳ್ಳುವುದಿಲ್ಲ ಎಂದು ಕೊಳ್ಳುವ ಕಂಪನಿ ಆ ವರ್ಷ ನಿಯಮ ಮಾಡಿತ್ತು. ತೆಗೆದುಕೊಳ್ಳದಿದ್ದರೆ ಆ ಕಾಯಿ ಬೀಜವಲ್ಲ, ಬರೀ ಸಾರಿನ ಮೆಣಸಿನಕಾಯಿ. ಶುಕ್ರವಾರ ಅವರ ಇನ್ಸ್‌ಪೆಕ್ಟರ್ ಬರುವವರಿದ್ದರು. ಅಷ್ಟರೊಳಗೆ ಎಲ್ಲ ಫೋಟೋಗಳೂ ಅವರು ಹೇಳಿದ ಆ್ಯಪಿನಲ್ಲಿ ಕಾಣಬೇಕೆಂದು ಸೋಮವಾರ ಪತ್ರ ಬಂದಿತ್ತು.

ನಮ್ಮ ಮಾಲೀಕರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಏನವಾ, ಗುಂಡಿ ಒತ್ತಾಕ ಮುಹೂರ್ತ ನೋಡಾಕತ್ತಿಯೇನ?”

“ಓದಾಕತ್ತೇನ್ರಿ ಸಾವ್ಕಾರ್ರ. ಇದು ಫೋಟೋ ಅಷ್ಟ ಕೇಳವಲ್ಲದು, ಇಡೀ ಖಾತೀನ ಕೇಳಾಕತ್ತೈತಿ. ನಮ್ಮ ಹೆಸರಿಲೆ ಪತ್ರಾನೂ ಬರೀತೈತಂತ.”

“ಬರೀಲಿ ಬಿಡು, ನಿನಗ ಅಷ್ಟ ಕೆಲಸ ಕಡಿಮಿ ಆತು.”

“ನಗೂ ಮಾತಲ್ರಿ. ಮಂದಿ ಆಧಾರ ಕಾರ್ಡ ಅದಾವ ಇದರಾಗ. ಅಳಸೂ ಹಕ್ಕನೂ ಕೇಳೈತಿ. ಫೋಟೋ ನೋಡಾವಂಗ ಅಳಸೂ ಹಕ್ಕ ಯಾಕ ಬೇಕ್ರಿ?”

“ಶುಕ್ರವಾರ ಆ್ಯಪಿನಾಗ ಫೋಟೋ ಕಾಣಲಿಲ್ಲಂದ್ರ ಇನ್ಸ್‌ಪೆಕ್ಟರ್ ಹೊಲಕ್ಕ ಕಾಲ ಇಡೂದಿಲ್ಲ. ಅದನ್ನಷ್ಟ ನೆನಪಿಡು.”

ಆ್ಯಪಿನವರ ಸಹಾಯವಾಣಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಒಂದೇ ಫೋಲ್ಡರಿಗೆ, ಬರೀ ನೋಡುವುದಕ್ಕೆ ಕೊಡಬಹುದೇ ಎಂದು ಕೇಳಿದೆ.

“ಹಾಗೆ ಬರಲ್ಲ ಮೇಡಂ. ಕೊಟ್ರೆ ಎಲ್ಲಾ ಕೊಡಬೇಕು. ಎಲ್ಲರೂ ಕೊಡ್ತಾರೆ ಮೇಡಂ, ಯಾರೂ ಕೇಳಲ್ಲ.”

ಎಲ್ಲರೂ ಕೊಡುತ್ತಾರೆ ಎಂದ ಕೂಡಲೇ ನನ್ನ ಹಟ ಇನ್ನೂ ಬಲವಾಯಿತು. ಗುಂಡಿ ಒತ್ತದೆ ಕಂಪ್ಯೂಟರು ಮುಚ್ಚಿದೆ. ನಾಳೆ ಬೇರೆ ದಾರಿ ಹುಡುಕೋಣ ಎಂದುಕೊಂಡು, ಒಂದು ದೊಡ್ಡ ಕೆಲಸ ಮಾಡಿದವಳ ಹಾಗೆ ಸಂಜೆ ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಖಾತೆ ತೆರೆದೆ. ಐರಣಿಯ ಫೋಲ್ಡರಿನಲ್ಲಿ ಹನ್ನೊಂದು ಫೋಟೋ ಇದ್ದವು. ನಲವತ್ತೆರಡು ಇರಬೇಕು. ಕಣ್ಣು ತಪ್ಪಿತೇನೋ ಎಂದು ಮತ್ತೆ ಎಣಿಸಿದೆ. ಹನ್ನೊಂದೇ. ಕಸದ ಬುಟ್ಟಿಯ ಗುರುತು ಒತ್ತಿ ನೋಡಿದರೆ ಉಳಿದ ಮೂವತ್ತೊಂದು ಅಲ್ಲಿ ಬಿದ್ದಿದ್ದವು.

ಖಾತೆಯ ಸೆಟ್ಟಿಂಗಿಗೆ ಹೋದೆ. ಈ ಖಾತೆಗೆ ಕೈ ಹಾಕಬಲ್ಲ ಹೊರಗಿನ ಆ್ಯಪುಗಳ ಒಂದು ಪಟ್ಟಿ ಅಲ್ಲಿರುತ್ತದೆ. ನಾನು ಬಾಗಿಲು ಹಾಕಿ ಬಂದಿದ್ದ ಆ್ಯಪು ಪಟ್ಟಿಯ ಮೊದಲಲ್ಲೇ ಇತ್ತು. ಹಿಂದಿನ ಸಂಜೆ ಅದಕ್ಕೆ ಎಲ್ಲ ಹಕ್ಕೂ ಸಿಕ್ಕಿತ್ತು, ಬ್ಯಾಡಗಿ ಕಡೆಯ ಮೇಲ್ವಿಚಾರಕನ ಫೋನಿನಿಂದ. ಅವನಿಗೆ ಫೋನ್ ಹಚ್ಚಿದೆ.

“ಸಾವ್ಕಾರ್ರು ಫೋನ್ ಮಾಡಿದ್ರು ಅಕ್ಕಾರ. ಆಫೀಸಿನಾಗ ನಮ್ಮವ್ವ ಒತ್ತವಲ್ಲಳು, ನೀನರ ಒತ್ತು ಅಂದ್ರು. ಕದರಮಂಡಲಗಿ ಹನಮಪ್ಪನ ಗುಡಿ ಮುಂದ ಕುಂತಿದ್ದೆ, ಒತ್ತಿಬಿಟ್ಟೆ.”

“ಓದಿದ್ಯೇನೋ?”

“ಓದೂದೇನ್ರಿ? ನಾಕ ಸಲ ಕೇಳ್ತು, ನಾಕೂ ಸಲ ಹೂಂ ಅಂದೆ. ಗುಡಿ ಮುಂದ ಕುಂತ ಕೇಳಿದಾವರಿಗೆ ಇಲ್ಲಂತ ಹ್ಯಾಂಗ ಅನ್ನೂದ್ರಿ?”

ಅವನ ಫೋನಿನಲ್ಲಿ ಒತ್ತಿದರೆ ಇಲ್ಲಿ ಹೇಗೆ ಬಾಗಿಲು ತೆರೆಯಿತು ಎಂದು ಯಾರಾದರೂ ಕೇಳಬಹುದು. ನಮ್ಮ ಒಂಬತ್ತು ಫೋನುಗಳನ್ನು ಹಾವೇರಿಯ ಒಂದು ಅಂಗಡಿಯಲ್ಲಿ ಒಟ್ಟಿಗೇ ಕೊಂಡಿದ್ದೆವು. ಅಂಗಡಿಯವರೇ ಕಂಪನಿಯ ಹೆಸರಿನಲ್ಲಿ ಒಂದು ಖಾತೆ ಮಾಡಿ ಒಂಬತ್ತಕ್ಕೂ ಅದನ್ನೇ ಹಾಕಿಕೊಟ್ಟಿದ್ದರು. ನಮಗೂ ಅದು ಚಲೋ ಎನಿಸಿತ್ತು. ಅಲ್ಲಿ ತೆಗೆದ ಫೋಟೋ ಇಲ್ಲಿ ಬರುತ್ತದೆ, ಇನ್ನೇನು ಬೇಕು? ಮೇಲ್ವಿಚಾರಕರೊಬ್ಬರ ಎಮ್ಮೆ ಕರು ಹಾಕಿದ ಫೋಟೋ ಕೂಡ ನನ್ನ ಕಂಪ್ಯೂಟರಿಗೆ ಬಂದು, ನಾವೆಲ್ಲ ನೋಡಿ ನಕ್ಕಿದ್ದೆವು. ಒಂಬತ್ತು ಜನರ ಕೈಯಲ್ಲಿ ಒಂದೇ ಮನೆಯ ಕೀಲಿ ಇದೆ ಎಂದು ಅಂದು ನಮಗೆ ಹೊಳೆಯಲಿಲ್ಲ.

ಆ ಹೊತ್ತಿನಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಕಸದ ಬುಟ್ಟಿಯಲ್ಲಿದ್ದ ಮೂವತ್ತೊಂದು ಫೋಟೋಗಳನ್ನು ತಕ್ಷಣ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ನಾನು ಎದ್ದು ಮಾಲೀಕರ ಕೋಣೆಗೆ ಜಗಳಕ್ಕೆ ಹೋದೆ.

“ನಾ ಬ್ಯಾಡಂದಿದ್ದನ್ನ ನನ್ನ ಬೆನ್ನ ಹಿಂದ ಮಾಡಿಸೀರಿ.”

“ಕಂಪನಿ ನಂದೈತಿ ತಂಗೀ, ಬೆನ್ನ ಹಿಂದ ಅನ್ನೂದೇನ ಬಂತು? ಏನಾತೀಗ?”

“ಫೋಟೋ ಅಳಸಾಕತ್ತೈತಿ!”

ಒಂದು ತಾಸು ನಡೆಯಿತು ಅದು. ಯಾರು ಯಾರಿಗೆ ಏನು ಹೇಳಿದ್ದರು, ಯಾರ ಮಾತಿಗೆ ಈ ಆಫೀಸಿನಲ್ಲಿ ಬೆಲೆ ಇಲ್ಲ, ಎಲ್ಲ ಬಂದವು. ನನ್ನ ಮಾತು ಸರಿಯಾಗಿತ್ತು ಎಂದು ಅವರ ಬಾಯಿಂದಲೇ ಕೇಳುವ ಹಂಬಲ ನನಗೆ. ಅವರು ಹೇಳಲಿಲ್ಲ. ಸಿಟ್ಟಿನಿಂದ ಬಂದು ಕುರ್ಚಿಗೆ ಕೂತು ಇಳಿಸಲು ಶುರು ಮಾಡಿದೆ. ಬ್ಲ್ಯಾಕ್, ಬ್ಲೂ, ಗ್ರೀನ್, ಹೀಗೆ ಒಳಫೋಲ್ಡರುಗಳ ಹೆಸರುಗಳು ಇಂಗ್ಲಿಷಿನಲ್ಲಿದ್ದವು, ಅದೇ ಅಕ್ಷರದ ಕ್ರಮದಲ್ಲಿ ಹೋದೆ. ನಿಧಾನದ ಇಂಟರ್ನೆಟ್ಟು. ಆರು ಬಣ್ಣ ಮುಗಿದು ಕೊನೆಯ ಯೆಲ್ಲೋ, ಅಂದರೆ ಹಳದಿಗೆ ಬರುವಷ್ಟರಲ್ಲಿ ಕಸದ ಬುಟ್ಟಿ ಖಾಲಿಯಾಗಿತ್ತು. ಶಾಶ್ವತವಾಗಿ ಅಳಿಸುವುದು ಎಂದು ಪಟ್ಟಿಯಲ್ಲಿ ಬರೆದೇ ಇತ್ತಲ್ಲ. ಒಂದೇ ತರದ ಫೋಟೋಗಳನ್ನು ಅಳಿಸಿ ಖಾತೆಯನ್ನು ಹಗುರ ಮಾಡುವುದು ಆ ಆ್ಯಪಿನ ಇನ್ನೊಂದು ಸೇವೆ. ಒಂದೇ ಬದುವಿನ ಮೇಲೆ ನಿಂತು ದಿನಾ ತೆಗೆದ ಮೆಣಸಿನ ಹೊಲ ಅದರ ಕಣ್ಣಿಗೆ ದಿನಾ ಒಂದೇ. ಹಳದಿ ನೂಲಿನ ಆರು ದಿನ ಹೋದವು. ಉಳಿದದ್ದು ಮೂವತ್ತಾರು. ಆ ಆರು ದಿನ ಹೋದದ್ದು ನಾನು ಜಗಳಕ್ಕೆ ಕೊಟ್ಟ ತಾಸಿನಲ್ಲಿ.

ಆ್ಯಪು ಅಲ್ಲಿಗೇ ನಿಂತಿರಲಿಲ್ಲ. ಐರಣಿ ಮುಗಿಸಿ ಅಕ್ಷರದ ಕ್ರಮದಲ್ಲಿ ಬ್ಯಾಡಗಿ ಕಡೆಯ ಹೊಲಗಳಿಗೆ ಬಂದಿತ್ತು. ಮೊದಲ ಹೊಲದಲ್ಲಿ ನಾಲ್ಕು ಫೋಟೋ ಆಗಲೇ ಕಸದ ಬುಟ್ಟಿಯಲ್ಲಿದ್ದವು. ಆ್ಯಪಿನ ಹೆಸರಿನ ಮುಂದಿದ್ದ ‘ಹಕ್ಕು ತೆಗೆದುಹಾಕಿ’ ಎಂಬುದನ್ನು ಒತ್ತಿದೆ. ನೀವು ನೀವೇ ಹೌದೋ ಎಂದು ಖಾತೆ ನನ್ನನ್ನೇ ಕೇಳಿತು. ಒಂದು ನಂಬರಿಗೆ ಓಟಿಪಿ ಕಳಿಸಿದ್ದೇವೆ, ಅದನ್ನು ಹಾಕಿ ಎಂದಿತು. ಆ ನಂಬರಿನ ಕೊನೆಯ ಎರಡು ಅಂಕಿಗಳು ಮಾತ್ರ ಕಾಣುತ್ತಿದ್ದವು. ನಮ್ಮವರ ಯಾರ ನಂಬರಿಗೂ ಅವು ಹೊಂದಲಿಲ್ಲ. ಮೇಲ್ವಿಚಾರಕರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳಿದೆ. ಆಮೇಲೆ ಹಾವೇರಿಯ ಅಂಗಡಿಯ ಹಳೇ ರಸೀದಿ ಹುಡುಕಿ ತೆಗೆದೆ. ಕೊನೆಯ ಎರಡು ಅಂಕಿ ಅವೇ.

ಅಂಗಡಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಆ್ಯಪಿನ ಹಕ್ಕು ಕಿತ್ತು ಬರುತ್ತೇನೆ ಎಂದು ಮಾಲೀಕರಿಗೆ ಹೇಳಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮೋಟೆಬೆನ್ನೂರು ದಾಟುವ ತನಕ ಕೂರಲು ಜಾಗವಿಲ್ಲ. ಕಂಬ ಹಿಡಿದು ನಿಂತು, ಈಗ ಎಷ್ಟು ಹೋಗಿರಬಹುದು, ಈಗ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ.

ಅಂಗಡಿಯವರು ಮಧ್ಯಾಹ್ನದ ನಮಾಜು ಮುಗಿಸಿ ಆಗತಾನೇ ಬಂದು ಕೂತಿದ್ದರು. ವಿಷಯ ಕೇಳಿ ಸ್ಟೂಲು ಎಳೆದು ಹಾಕಿದರು.

“ಕುಂದ್ರಿ ಅಕ್ಕಾರ. ಹೌದ್ರಿ, ನಂದ ನಂಬರ ಹಾಕೇನಿ. ಎಲ್ಲಾರಿಗೂ ಹಂಗ ಹಾಕಿ ಕೊಡತೇನಿ. ಮಂದಿ ಸಿಮ್ ಬದಲ ಮಾಡ್ತಾರ, ಪಾಸ್‌ವರ್ಡ್ ಮರೀತಾರ, ಕಡೀಕ ನನ್ನ ಹಂತೇಕನ ಬರ್ತಾರ. ಅನುಕೂಲ ಆಗ್ಲಿ ಅಂತ.”

“ಎಷ್ಟ ಮಂದೀದು ಐತ್ರಿ ನಿಮ್ಮ ನಂಬರಿನಾಗ?”

ಅವರು ಮೇಜಿನ ಮೇಲಿದ್ದ ತಮ್ಮ ಫೋನಿನ ಕಡೆ ನೋಡಿದರು. “ಖರೇ ಹೇಳಬೇಕಂದ್ರ, ಎಣಿಸಿಲ್ರಿ. ಖುದಾನ ಆಣೆ, ಒಂದನ್ನೂ ತಗದ ನೋಡಿಲ್ಲ.”

ನೋಡಿರಲಿಕ್ಕಿಲ್ಲ ಎಂದು ನನಗೂ ಅನ್ನಿಸಿತು. ಆದರೆ ಆ ಒಳ್ಳೆಯ ಮನುಷ್ಯನ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದ ಆ ಫೋನು ನೋಡಿ ಹೆದರಿಕೆಯಾಯಿತು. ಹೊಸ ಓಟಿಪಿ ಕಳಿಸಲು ಹೇಳಿದೆ. ಬಂತು. ಅವರು ಓದಿ ಹೇಳಿದರು, ನಾನು ಹಾಕಿದೆ. ಪರದೆ ಕೊನೆಯ ಪ್ರಶ್ನೆ ಕೇಳಿತು: ತೆಗೆದುಹಾಕಿದರೆ ಆ್ಯಪಿಗೆ ನಿಮ್ಮ ಯಾವ ಮಾಹಿತಿಯೂ ಕಾಣುವುದಿಲ್ಲ, ಖಚಿತವೇ?

ಅದೇ ಹೊತ್ತಿಗೆ ಮಾಲೀಕರ ಫೋನು.

“ಕೀಳಬ್ಯಾಡ ತಂಗೀ. ಕೊಳ್ಳೂ ಕಂಪನ್ಯಾಗಿನವರು ಈಗ ಫೋನ್ ಮಾಡಿದ್ರು, ಫೋಟೋ ಕಾಣಾಕತ್ತಾವಂತ. ನಡುವ ಕಿತ್ತಿ ಅಂದ್ರ ಇವರು ಏನೋ ಮುಚ್ಚಿಡಾಕತ್ತಾರ ಅಂತ ಬರದ ಒಗೀತಾರ. ಐರಣೀದ ಒಂದ ಅಲ್ಲ, ಎಲ್ಲಾ ಹೊಲಾ ಹೋಗ್ತಾವ. ಎರಡ ದಿನ ತಡಿ.”

ಅವರ ಮಾತು ಸುಳ್ಳಾಗಿರಲಿಲ್ಲ. ತಡೆದರೆ ಶುಕ್ರವಾರದ ಹೊತ್ತಿಗೆ ತೋರಿಸಲು ಫೋಟೋ ಉಳಿಯುವುದಿಲ್ಲ. ಕಿತ್ತರೆ ಇನ್ಸ್‌ಪೆಕ್ಟರ್ ಬರುವುದೇ ಅನುಮಾನ. ಎರಡು ಕಡೆಯೂ ಚಾಚಿಯ ಹೊಲ ನಿಂತಿತ್ತು, ಮತ್ತು ಅವರ ಹಿಂದೆ ಉಳಿದವರದೆಲ್ಲ. ಪರದೆಯ ಇನ್ನೊಂದು ಬದಿ ತೆರೆದು ನೋಡಿದೆ. ಬ್ಯಾಡಗಿಯ ಮೊದಲ ಹೊಲದಲ್ಲಿ ಕಸದ ಬುಟ್ಟಿಗೆ ಹೋದವು ಈಗ ಹದಿನೇಳು.

“ತಡಿಯಾಕ ಆಗೂದಿಲ್ರಿ ಸಾವ್ಕಾರ್ರ. ಬೈಯೂದಿದ್ರ ಬಂದ ಮ್ಯಾಲ ಬೈರಿ,” ಎಂದು ಫೋನ್ ಇಟ್ಟು ಗುಂಡಿ ಒತ್ತಿದೆ.

ಆಮೇಲೆ ಆ ಸ್ಟೂಲಿನ ಮೇಲೇ ಕೂತು ಎರಡೂವರೆ ತಾಸು ಕೆಲಸ ಮಾಡಿದೆ. ಅಂಗಡಿಯವರ ನಂಬರು ತೆಗೆದು ಮಾಲೀಕರದನ್ನು ಹಾಕಿದೆ. ಪಾಸ್‌ವರ್ಡು ಬದಲಿಸಿ ಒಂಬತ್ತೂ ಫೋನುಗಳನ್ನು ಖಾತೆಯಿಂದ ಹೊರಗೆ ಹಾಕಿದೆ. ನಿಮಿಷಕ್ಕೊಬ್ಬರಂತೆ ಮೇಲ್ವಿಚಾರಕರು ಫೋನ್ ಮಾಡಿ ‘ಅಕ್ಕಾರ, ನನ್ನ ಫೋನ್ ಸತ್ತಂಗ ಆಗೈತಿ’ ಎನ್ನತೊಡಗಿದರು. ಬ್ಯಾಡಗಿಯ ಹದಿನೇಳು ಫೋಟೋಗಳನ್ನು ಕಸದ ಬುಟ್ಟಿಯಿಂದ ಎತ್ತಿದೆ, ಅವು ಸಿಕ್ಕವು. ಕೊನೆಗೆ ಒಂದು ಹೊಸ ಖಾಲಿ ಖಾತೆ ಮಾಡಿದೆ. ಅದಕ್ಕೆ ಹೊಲದ ಫೋಟೋಗಳ ಪ್ರತಿ ಮಾತ್ರ ಹಾಕಿದೆ, ಇನ್ನೇನೂ ಇಲ್ಲ. ಆ್ಯಪು ಕೇಳಿದ ಎಲ್ಲ ಹಕ್ಕನ್ನೂ ಆ ಖಾತೆಯ ಮೇಲೆ ಕೊಟ್ಟೆ. ಪಡಸಾಲೆಯಲ್ಲಿ ಕೂತು ಏನು ಬೇಕಾದರೂ ಮಾಡಿಕೊಳ್ಳಲಿ, ಅಳಿಸಿದಷ್ಟನ್ನು ಮತ್ತೆ ಹಾಕಿದರಾಯಿತು, ಮೂಲ ಪ್ರತಿ ನಮ್ಮ ಒಳಮನೆಯಲ್ಲಿತ್ತು. ಸಂಜೆ ಐದರ ಹೊತ್ತಿಗೆ ಕೊಳ್ಳುವ ಕಂಪನಿಯಿಂದ ಮಾಲೀಕರಿಗೆ ಫೋನ್ ಬಂತು: ಫೋಟೋ ಮತ್ತೆ ಕಾಣುತ್ತಿವೆ, ಶುಕ್ರವಾರ ಬರುತ್ತೇವೆ.

ಇದನ್ನು ಮಂಗಳವಾರವೇ ಮಾಡಬಹುದಿತ್ತು. ಇದರಲ್ಲಿ ಯಾವ ವಿದ್ಯೆಯೂ ಇಲ್ಲ. ಇಲ್ಲ ಎನ್ನುವುದರಲ್ಲೇ ನನಗೆ ಎಷ್ಟು ಸುಖವಿತ್ತೆಂದರೆ, ಹೌದು ಎನ್ನುವುದಕ್ಕೆ ಒಂದು ಸಣ್ಣ ದಾರಿ ಇರಬಹುದು ಎಂದು ಹುಡುಕಲೇ ಇಲ್ಲ.

ಗುರುವಾರವಿಡೀ ಫೋನುಗಳಿಗೆ ಬೇರೆ ಬೇರೆ ಖಾತೆ ಮಾಡುವುದರಲ್ಲಿ ಹೋಯಿತು. ಮಾಲೀಕರು ಬೈಯಲಿಲ್ಲ. ಚಾಚಿಗೆ ಫೋನ್ ಮಾಡಬೇಕು ಎಂದು ಮೂರು ಸಲ ನಂಬರು ತೆಗೆದೆ. ನಿಮ್ಮ ಆರು ದಿನ ಕಳೆದುಹೋದವು ಎಂದು ಯಾವ ಬಾಯಿಂದ ಹೇಳುವುದು? ಇನ್ಸ್‌ಪೆಕ್ಟರಿಗೆ ತಿಳಿಸಿ ಹೇಳಿದರೆ ಒಪ್ಪಬಹುದು, ಆಗ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫೋನ್ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಐರಣಿ. ಇನ್ಸ್‌ಪೆಕ್ಟರ್ ಮೈಸೂರು ಕಡೆಯ ಯುವಕ, ಮರ್ಯಾದಸ್ಥ. ಬದುವಿನ ಮೇಲೆ ನಿಂತು ಟ್ಯಾಬಿನಲ್ಲಿ ಒಂದೊಂದೇ ಫೋಟೋ ನೋಡಿದರು. ಚಾಚಿ ಮತ್ತು ಅವರ ತಂಗಿ ಸೆರಗು ತಲೆಗೆಳೆದುಕೊಂಡು ಒಂದು ಕಡೆ ನಿಂತಿದ್ದರು.

“ಮೇಡಂ, ಇದರಲ್ಲಿ ಹಳದಿ ಇಲ್ವಲ್ಲ. ಆರು ದಿನ ಇಲ್ಲ.”

ನಡೆದದ್ದನ್ನೆಲ್ಲ ಹೇಳಿದೆ. ಜಗಳದ ತಾಸನ್ನೂ ಮುಚ್ಚಿಡಲಿಲ್ಲ. ಚಾಚಿ ಕೇಳುತ್ತಿದ್ದರು, ಅವರಿಗೆ ವಿಷಯ ತಿಳಿದದ್ದು ಹಾಗೆ. ಇನ್ಸ್‌ಪೆಕ್ಟರ್ ಗಿಡಗಳ ನಡುವೆ ಹೋಗಿ ಹಳದಿ ನೂಲಿನ ಕಾಯಿಗಳನ್ನು ಎತ್ತಿ ಎತ್ತಿ ನೋಡಿ ಬಂದರು.

“ಕೆಲಸ ಚೆನ್ನಾಗಿದೆ. ನಾನು ನಂಬಿದ್ರೆ ಸಾಕಾಗಲ್ಲ ಮೇಡಂ, ದಿನದ ಫೋಟೋ ಬೇಕು. ಇಡೀ ಹೊಲ ತಿರಸ್ಕರಿಸಬೇಕು ಅಂತ ನಿಯಮ. ಒಂದು ಮಾಡಬಹುದು. ಹಳದಿ ನೂಲಿನ ಕಾಯಿ ಎಲ್ಲಾ ಇವತ್ತೇ ಕಿತ್ತುಬಿಟ್ಟರೆ, ಉಳಿದದ್ದನ್ನ ನಾನು ಪಾಸ್ ಮಾಡ್ತೀನಿ.”

ನಾನು ಚಾಚಿಯ ಮುಖ ನೋಡಿದೆ. ಅವರು ಬುಟ್ಟಿ ತಂದು ಮೊದಲ ಸಾಲಿಗೆ ಬಗ್ಗಿದರು. ಅವರ ತಂಗಿ ಎರಡನೆಯದಕ್ಕೆ. ನಾನು ಚಪ್ಪಲಿ ಬಿಟ್ಟು ಮೂರನೆಯದಕ್ಕೆ ಇಳಿದೆ. ದಪ್ಪಗೆ, ಗಟ್ಟಿಯಾಗಿ, ತುದಿಯಲ್ಲಿ ಕೆಂಪಾಗತೊಡಗಿದ್ದ ಕಾಯಿಗಳು. ಒಂದೊಂದಕ್ಕೂ ಕೈಯಾರೆ ಕಟ್ಟಿದ ಗಂಟು. ಕೀಳುವಾಗ ನನಗೆ ಅಳು ಬಂತು, ಅತ್ತುಬಿಟ್ಟೆ. ಇನ್ಸ್‌ಪೆಕ್ಟರ್ ಎರಡು ತಾಸು ಕಾದು, ಕಿತ್ತ ಸಾಲುಗಳನ್ನು ನೋಡಿ, ವರದಿ ಕಳಿಸಿ, ಚಾಚಿಯ ಹೆಬ್ಬೆಟ್ಟು ಹಾಕಿಸಿಕೊಂಡು ಮುಂದಿನ ಹೊಲಕ್ಕೆ ಹೋದರು.

ಬದುವಿನ ಮೇಲೆ ಕೂತೆವು. ಎರಡು ಬುಟ್ಟಿ ತುಂಬಿದ್ದವು.

“ಆಧಾರ ಕಾರ್ಡ ನಂದೂ ಇತ್ತೇನ ಅದರಾಗ?” ಎಂದರು ಚಾಚಿ.

“ಇತ್ತು ಚಾಚಿ.”

“ಒತ್ತಬೇಕೋ ಬ್ಯಾಡೋ ಅಂತ ಸಾವ್ಕಾರ್ರ ಕೂಡ ಜಗಳಾಡಿದಿ. ಚಲೋ ಮಾಡಿದಿ ಬೇಟಿ. ನನಗ ಒಂದ ಫೋನ್ ಮಾಡಬೇಕಿಲ್ಲ? ಹೊಲಾ ನಂದಲ್ಲ?”

ಅಷ್ಟರಲ್ಲಿ ಊರ ಕಡೆಯಿಂದ ಅವರ ಸೊಸೆ ಚಹಾದ ಕಿತ್ತಲಿ ಹಿಡಿದು ಬಂದಳು. ಮಗುವಿಗೆ ಜ್ವರವೆಂದು ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದಳಂತೆ. ಬುಟ್ಟಿ ನೋಡಿ ನಿಂತುಬಿಟ್ಟಳು.

“ಅತ್ತಿ, ಹಳದಿ ಯಾಕ ಕಿತ್ತೀರಿ? ಇನ್ನಾ ಹಣ್ಣಾಗಿಲ್ಲಲ್ಲ.”

“ಆ ಆರು ದಿನದ ಫೋಟೋ ಅಳಿಸಿ ಹೋಗ್ಯಾವಂತ,” ಎಂದರು ಚಾಚಿ.

ಹುಡುಗಿ ಕಿತ್ತಲಿ ಕೆಳಗಿಟ್ಟು ಫೋನ್ ತೆಗೆದಳು. ಬೆರಳಿನಿಂದ ಸರಿಸುತ್ತಾ ಹೋಗಿ ನನ್ನ ಮುಂದೆ ಹಿಡಿದಳು. ಬ್ಯಾಡಗಿಯ ತವರುಮನೆಗೆ ಅವಳು ದಿನಾ ಬೆಳಿಗ್ಗೆ ಕಳಿಸುತ್ತಿದ್ದ ಫೋಟೋಗಳು. ಹೂವು, ಹಳದಿ ನೂಲು, ಅತ್ತೆಯ ಬಗ್ಗಿದ ಬೆನ್ನು, ದಿನಾಂಕ, ವೇಳೆ. ಆರೂ ದಿನ ಇದ್ದವು.

“ದಿನಾ ಫೋನ್ ಹಿಡ್ಕೊಂಡ ನಿಂದರ್ತೀದಿ ಅಂತ ನಾ ಬೈತಿದ್ದೆ,” ಎಂದರು ಚಾಚಿ, ಯಾರಿಗೆ ಎಂದಿಲ್ಲದೆ.

“ಇವು ಕಂಪನೀ ಫೋಟೋ ಅಲ್ಲರಿ ಅಕ್ಕಾರ,” ಎಂದಳು ಹುಡುಗಿ. “ಇವು ನಡೀತಾವೇನ್ರಿ?”

“ನಡೀತಿದ್ದವು,” ಎಂದೆ.